ಎಂಟು ಸಹಿಗಳು

“ಹೊಂದ್ತಾ ಇಲ್ಲ,” ಎಂದರು ಸಮಿತಿಯ ಅಧ್ಯಕ್ಷರು. ಭೂತಗನ್ನಡಿಯನ್ನು ಹಳದಿ ಕಾರ್ಡಿನ ಮೇಲೂ ಕಡತದ ಮೇಲೂ ಮೂರು ಸಲ ಓಡಿಸಿಯಾಗಿತ್ತು. “ಎಂಟಕ್ಕೆ ಎಂಟೂ ಹೊಂದ್ತಾ ಇಲ್ಲ.”

ಮೇಜಿನ ಆ ತುದಿಯಲ್ಲಿ ಹುಡುಗಿ ನಿಂತಿದ್ದಳು. ಈ ತುದಿಯಲ್ಲಿ ನಡಾವಳಿ ಬರೆದುಕೊಳ್ಳುತ್ತಿದ್ದ ವಿಭಾಗದ ಗುಮಾಸ್ತೆಯ ಪೆನ್ನು ನಿಂತಿತು. ವಿದ್ಯಾರ್ಥಿಗಳು ಆಕೆಯನ್ನು ಕಡತದಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಒಂದು ಚೂರು ಕಾಗದ ಕಳೆದವಳಲ್ಲ, ಯಾರ ಕೆಲಸವನ್ನೂ ನಾಳೆಗೆ ನೂಕಿದವಳಲ್ಲ. ನಿವೃತ್ತಿಗೆ ಇನ್ನು ಎರಡೇ ವರ್ಷ.

ನಿಯಮವೇನೋ ಸರಳ. ಅಂಕ ಕುಸಿದವರನ್ನು ಒಂದು ಸೆಮಿಸ್ಟರ್ ಪ್ರೊಬೇಷನ್ನಿನಲ್ಲಿ ಇಡುತ್ತಾರೆ. ಅಷ್ಟರೊಳಗೆ ಅಂಕ ಮೇಲೇರಬೇಕು. ಜೊತೆಗೆ ತಮ್ಮ ಮಾರ್ಗದರ್ಶಕ ಪ್ರೊಫೆಸರನ್ನು ಎಂಟು ಸಲ ಖುದ್ದಾಗಿ ಕಂಡು, ಕಾರ್ಡಿನ ಮೇಲೆ ಸಹಿ ಹಾಕಿಸಿಕೊಳ್ಳಬೇಕು. ಎರಡರಲ್ಲಿ ಯಾವುದು ತಪ್ಪಿದರೂ ಒಂದು ವರ್ಷ ಅಮಾನತು.

ಹುಡುಗಿಯ ಅಂಕ ಏರಿತ್ತು, ಅದೂ ಎಲ್ಲರಿಗಿಂತ ಹೆಚ್ಚು. ತೊಡಕು ಕಾರ್ಡಿನದು. ಬೆಳಿಗ್ಗೆಯಿಂದ ಇವಳ ಪ್ರೊಫೆಸರರದೇ ಏಳು ಜನ ವಿದ್ಯಾರ್ಥಿಗಳು ಕಾರ್ಡು ತೋರಿಸಿ ಪಾರಾಗಿ ಹೋಗಿದ್ದರು. ಅವರ ಐವತ್ತಾರು ಸಹಿಗಳೂ ಹಸಿರು ಶಾಯಿಯಲ್ಲಿ, ಅಚ್ಚು ಹಾಕಿದಂತೆ, ಕೊನೆಗೊಂದು ಅಂದವಾದ ಬಾಲ ಬಿಟ್ಟುಕೊಂಡು ಕೂತಿದ್ದವು. ಇವಳ ಕಾರ್ಡಿನಲ್ಲಿದ್ದದ್ದು ನೀಲಿ ಬಾಲ್‌ಪೆನ್ನಿನ ಎಂಟು ಗೀಚು.

“ಸರ್ ಅವರೇ ಹಾಕಿದ್ದು,” ಎಂದಳು ಹುಡುಗಿ, ಅಧ್ಯಕ್ಷರ ಪಕ್ಕದಲ್ಲಿ ಕೂತಿದ್ದ ಪ್ರೊಫೆಸರರನ್ನು ತೋರಿಸುತ್ತ. “ಕಾರಿನ ಬಾನೆಟ್ ಮೇಲಿಟ್ಕೊಂಡು ಹಾಕಿದ್ರು.”

“ಎಂಟೂ ಬಾನೆಟ್ ಮೇಲಾ?”

“ಎರಡು ಲಿಫ್ಟಲ್ಲಿ ಸರ್. ಒಂದು ಗೋಡೆಗೆ ಒತ್ತಿಟ್ಟು.”

“ಯಾಕೆ, ಅವರಿಗೆ ರೂಮಿಲ್ವಾ?”

“ಯಾವಾಗ ಹೋದ್ರೂ ಬೀಗ ಇರುತ್ತೆ. ಉಳಿದವರೆಲ್ಲ ಕಾರ್ಡನ್ನ ಆಫೀಸಲ್ಲಿ ಬಿಟ್ಟು ಹೋಗ್ತಾರೆ, ಸರ್ ಬಿಡುವಾದಾಗ ಹಾಕಿ ಕಳಿಸ್ತಾರಂತೆ. ಆದ್ರೆ ಖುದ್ದಾಗಿ ಕಾಣಬೇಕು ಅಂತ ನಿಯಮದಲ್ಲಿ ಬರ್ದಿದೆಯಲ್ಲ ಸರ್. ಅದಕ್ಕೇ ಗೇಟ್ ಹತ್ರ ಕಾಯ್ತಿದ್ದೆ.”

ಅಧ್ಯಕ್ಷರು ನಕ್ಕರು. ಇಷ್ಟು ಚೆನ್ನಾಗಿ ಕಥೆ ಕಟ್ಟುವವಳು ಓದಿನಲ್ಲಿ ಹೇಗೆ ಹಿಂದೆ ಬಿದ್ದಳೋ ಎಂಬ ನಗು ಅದು. ನಂತರ ಪಕ್ಕಕ್ಕೆ ತಿರುಗಿದರು. “ನೀವೇ ಹೇಳಿಬಿಡಿ ಪ್ರೊಫೆಸರೇ. ಯಾವುದು ನಿಮ್ಮದು?”

ಪ್ರೊಫೆಸರರಿಗೆ ಮೂರು ಗಂಟೆಗೆ ಬೇರೆ ಊರಿನಲ್ಲಿ ಭಾಷಣವಿತ್ತು. ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿದ್ದರು. ಕಾರ್ಡನ್ನು ಎತ್ತಿ ತುಸು ಹೊತ್ತು ನೋಡಿದರು. ಕಡತ ನೋಡಿದರು. ಕಡತದಮ್ಮನನ್ನೂ ಒಮ್ಮೆ ನೋಡಿದರು.

“ಹನ್ನೊಂದು ವರ್ಷದಿಂದ ಅಂಕಪಟ್ಟಿ, ವರದಿ, ಎಲ್ಲದರ ಮೇಲೂ ಇರೋದು ಈ ಹಸಿರು ಸಹಿಯೇ. ಅದು ನನ್ನದಲ್ಲ ಅಂತ ಹೇಳೋಕಾಗುತ್ತಾ?” ಎಂದರು. “ಹುಡುಗಿ ಬಂದಿದ್ಲೋ ಏನೋ. ನೆನಪಿಲ್ಲ. ದಿನಕ್ಕೆ ಎಷ್ಟೋ ಜನ ಬರ್ತಾರೆ.”

“ನಮ್ಮ ಕಡತದಮ್ಮ ಏನಂತಾರೆ? ಸಹಿ ವಿಷಯದಲ್ಲಿ ಅವರ ಮಾತೇ ಕೊನೆ.”

ಕಡತದಮ್ಮ ನಡಾವಳಿಯಿಂದ ತಲೆ ಎತ್ತಿದಳು. ಹುಡುಗಿ ತನ್ನನ್ನೇ ನೋಡುತ್ತಿದ್ದಾಳೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅವಳ ಅಪ್ಪ, ಪರೀಕ್ಷೆಯ ವಾರದಲ್ಲೇ ಆಸ್ಪತ್ರೆ ಸೇರಿದ ಅಮ್ಮ, ಆ ಸೆಮಿಸ್ಟರ್ ನೆಲಕಚ್ಚಿದ ಅಂಕ, ಎಲ್ಲವೂ ಆಕೆಗೆ ಗೊತ್ತು. ಒಂದು ಮಾತು ಆಡಿದ್ದರೆ ಆಗುತ್ತಿತ್ತು. ಆಕೆ ಕಣ್ಣನ್ನು ಕಡತದ ಮೇಲೆ ಇಳಿಸಿದಳು.

“ಕಡತದಲ್ಲಿರೋ ಸಹಿಗಳೆಲ್ಲ ಒಂದೇ ಕೈಯಿಂದ ಬಂದಿರೋವು ಸರ್,” ಎಂದಳು.

“ಮುಗೀತಲ್ಲ!” ಅಧ್ಯಕ್ಷರು ಕಡತ ಮುಚ್ಚಿದರು. “ನೋಡಮ್ಮಾ, ಕಳ್ಳಸಹಿ ಅಂತ ಬರೆದ್ರೆ ನಿನ್ನ ಓದೇ ನಿಂತುಹೋಗುತ್ತೆ. ಹಾಗೆ ಬರೆಯಲ್ಲ. ಎಂಟು ಭೇಟಿ ಪೂರೈಸಿಲ್ಲ ಅಂತ ಒಂದು ವರ್ಷ ಅಮಾನತು. ನಾವೂ ಮಕ್ಕಳೊಂದಿಗರೇ.”

ತಮ್ಮ ದೊಡ್ಡತನಕ್ಕೆ ತಾವೇ ಮೆಚ್ಚಿಕೊಂಡು ಅವರು ಎದ್ದರು. ಪ್ರೊಫೆಸರರು ಅವರಿಗಿಂತ ಮೊದಲೇ ಬಾಗಿಲು ದಾಟಿದ್ದರು.

ಆದೇಶ ಟೈಪ್ ಮಾಡಿ ಅಧ್ಯಕ್ಷರ ಸಹಿ ಮಾಡಿಸಿ ತರುವಷ್ಟರಲ್ಲಿ ನಾಲ್ಕೂವರೆ. ಹುಡುಗಿ ಕೌಂಟರಿನ ಮುಂದೆ ನಿಂತೇ ಇದ್ದಳು.

“ಒಂದು ವರ್ಷ ಮನೇಲಿ ಕೂತ್ರೆ ಅಪ್ಪ ಮತ್ತೆ ಕಳಿಸಲ್ಲ ಅಮ್ಮಾ. ಇನ್ನೊಂದೇ ವರ್ಷ ಇತ್ತು ಮುಗಿಯೋಕೆ. ನಾನು ಏನು ತಪ್ಪು ಮಾಡ್ದೆ ಅಂತ ನೀವಾದ್ರೂ ಹೇಳಿ.”

“ಕಾರ್ಡು ಇಲ್ಲಿ ಬಿಟ್ಟು ಹೋಗು ಅಂತ ಎಷ್ಟು ಸಲ ಬಡ್ಕೊಂಡೆ ಮಗಳೇ? ಕೇಳಿದ್ಯಾ ನೀನು?” ಕಡತದಮ್ಮನಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ಯಾರ ಮೇಲೆ ಎಂಬುದು ಸ್ಪಷ್ಟವಿರಲಿಲ್ಲ.

ಹುಡುಗಿ ಆದೇಶದ ಕಡೆ ಕತ್ತು ಚಾಚಿದಳು. ಕೆಳಗೆ ಎರಡು ಗೆರೆಗಳಿದ್ದವು. ಅಧ್ಯಕ್ಷರದು ತುಂಬಿತ್ತು, ಮಾರ್ಗದರ್ಶಕರದು ಖಾಲಿ.

“ಸರ್ ಹೊರಟುಹೋದ್ರಲ್ಲ. ಅವರ ಸಹಿ ಇಲ್ದೆ ಇದು ಜಾರಿಯಾಗಲ್ಲ ಅಲ್ವಾ?” ಅವಳ ದನಿಯಲ್ಲಿ ಸಣ್ಣದೊಂದು ಆಸೆ ಚಿಗುರಿತು. “ಸೋಮವಾರ ಗೇಟ್ ಹತ್ರ ಹಿಡಿದು ಕೇಳ್ಕೋತೀನಿ. ನನ್ನ ಮುಖ ನೋಡಿದ್ರೆ ನೆನಪಾಗುತ್ತೆ.”

“ಐದು ನಿಮಿಷ ಕೂತಿರು,” ಎಂದಳು ಕಡತದಮ್ಮ. ಕಣ್ಣು ತುಂಬಿ ಬಂದಿತ್ತು. ಅವಳಿಗೆ ಕಾಣಬಾರದೆಂದು ಕೌಂಟರಿನ ಪರದೆ ಎಳೆದುಕೊಂಡಳು.

ಆಮೇಲೆ ಡ್ರಾಯರಿನ ಬೀಗ ತೆಗೆದು, ಹಸಿರು ಶಾಯಿಯ ಪೆನ್ನು ಹಿಡಿದು, ಹನ್ನೊಂದು ವರ್ಷದಿಂದ ಹಾಕುತ್ತ ಬಂದ ಹಾಗೆಯೇ, ಆ ಖಾಲಿ ಗೆರೆಯ ಮೇಲೆ ಪ್ರೊಫೆಸರರ ಸಹಿಯನ್ನು ಬಾಲದ ಸಮೇತ ಹಾಕಿದಳು.