ನಮೂನೆಯ ಕೋಣೆ

ಬಾಗಿಲು ತೆಗೆದವನ ಮುಖ ಕಂಡದ್ದೇ, ಇವನೇ ಮೋಸಗಾರ ಎಂದು ಬಸವಪ್ರಭುವಿಗೆ ಖಾತ್ರಿಯಾಯಿತು. ಕ್ಷೌರ ಕಾಣದ ಗಡ್ಡ, ಮೊಣಕಾಲಿನ ತನಕದ ಚಡ್ಡಿ, ಕೈಯಲ್ಲಿ ಅರ್ಧ ಸುಲಿದ ಬಾಳೆಹಣ್ಣು. ಪೊಲೀಸರ ಹೆಸರು ಹೇಳಿಯೇ ಫೋನು ಮಾಡಿ ಬಂದಿದ್ದರೂ ಆಸಾಮಿಗೆ ಅಳುಕಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಪ್ರಣವ ಎಂದರೆ ಇವನೇ.

ಬಸವಪ್ರಭುವಿನ ಹೆಂಡತಿಯ ಅಣ್ಣ ಮಲಕಪ್ಪ, ತಾಯಿ ಸಾವಂತ್ರವ್ವನ ಮೊಣಕೈ ಹಿಡಿದು ಇನ್ನೂ ಮೆಟ್ಟಿಲು ಹತ್ತಿಸುತ್ತಿದ್ದ. ಬೆಳಗಿನ ಬಸ್ಸಿಗೆ ಇಂದಾಪುರ ಬಿಟ್ಟು, ಪುಣೆಯ ಸ್ವಾರಗೇಟಿನಲ್ಲಿ ಇಳಿದು, ರಿಕ್ಷಾ ಹಿಡಿದು ಬಂದಿದ್ದರು. ಆಕೆಯ ಒಂದು ಕಣ್ಣು ಹೋದ ವರ್ಷವೇ ಆರಿತ್ತು. ಇನ್ನೊಂದು ದೀಪಾವಳಿಯ ತನಕ ಉಳಿದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಆಕೆಗೆ ಒಂದು ಸಲ ಗಂಡನನ್ನು ನೋಡಬೇಕಿತ್ತು.

ಗಂಡ ಭೀಮಣ್ಣ ತೀರಿಕೊಂಡು ಬಹಳ ದಿನವಾಗಿತ್ತು. ಆದರೆ ಅಳಿಯ ಮಾತು ಕೊಟ್ಟಿದ್ದ.

ಬಸವಪ್ರಭು ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಕ. ಇನ್ನೊಬ್ಬರ ಕೆಲಸದಲ್ಲಿ ಕುಂದು ಹುಡುಕುವುದಕ್ಕೇ ಸಂಬಳ. ಹರೆಯದಲ್ಲಿ, ಧಾರವಾಡದ ಕಂಪ್ಯೂಟರ್ ಕ್ಲಾಸಿನಲ್ಲಿ, ‘ವಾಡೆ’ ಎಂಬ ಆಟಕ್ಕೆ ಮರುಳಾಗಿದ್ದ. ಗೌಡರ ಹಾಳುಬಿದ್ದ ವಾಡೆಯಲ್ಲಿ ಕೋಣೆಯಿಂದ ಕೋಣೆಗೆ ಹೋಗಬೇಕು. ಕಂಡದ್ದನ್ನೆಲ್ಲ ಎತ್ತಿ ಜೋಳಿಗೆಗೆ ಹಾಕಬೇಕು. ಯಾವುದನ್ನು ಯಾವುದಕ್ಕೆ ತಾಗಿಸಿದರೆ ಬಾಗಿಲು ತೆರೆದೀತು ಎಂದು ತಲೆ ಕೆರೆದುಕೊಳ್ಳಬೇಕು. ಅದನ್ನು ತಾನೊಬ್ಬನೇ ಬಿಡಿಸಿದೆ ಎಂದು ಈಗಲೂ ಹೇಳುತ್ತಾನೆ. ಅಸಲಿಗೆ ಉತ್ತರಗಳು ಕ್ಲಾಸಿನ ಎದುರಿನ ಚಹಾದಂಗಡಿಯಲ್ಲಿ ಬಾಯಿಂದ ಬಾಯಿಗೆ ಸಿಗುತ್ತಿದ್ದವು.

ಆ ಆಟವನ್ನು ಹೊಸದಾಗಿ ಕಟ್ಟುತ್ತೇನೆ, ನೀವೆಲ್ಲ ಮುಂಗಡ ಕೊಡಿ ಎಂದು ಪ್ರಣವ ಅಂತರ್ಜಾಲದಲ್ಲಿ ಸಾರಿದಾಗ ಹಳೆಯ ಭಕ್ತರು ಮುಗಿಬಿದ್ದರು. ಹೆಚ್ಚು ಕೊಟ್ಟವರಿಗೊಂದು ಆಮಿಷವೂ ಇತ್ತು. ಅವರು ಹೇಳಿದ ಮನುಷ್ಯನನ್ನು ಆಟದೊಳಗೆ ಬರೆದು, ಮಾತಾಡಿಸಿ ತೋರಿಸುವುದು. ಬಸವಪ್ರಭು ಮಲಕಪ್ಪನ ಕೈಯಿಂದ ಹಣ ಕೊಡಿಸಿದ. ಅತ್ತೆಯ ಮನೆಯ ಗೋಡೆಯ ಫೋಟೋ, ತನ್ನ ಮದುವೆಯ ವಿಡಿಯೋದಲ್ಲಿದ್ದ ಮಾವನ ದನಿ, ಎರಡನ್ನೂ ಕಳಿಸಿದ. ಜೊತೆಗೆ ಎಲ್ಲರ ಪರವಾಗಿ ಒಂದು ಷರತ್ತು ಹಾಕಿದ. ಈಗಿನ ಆಟಗಳು ಕೂಸಿಗೆ ತುತ್ತು ಮಾಡಿ ತಿನ್ನಿಸುತ್ತವೆ. ನಾವು ಅಂಥವರಲ್ಲ. ಕಾಲಿಗೆ ಬಿದ್ದು ಕೇಳಿದರೂ ಒಂದು ಸುಳಿವು ಕೊಡಕೂಡದು. ಪ್ರಣವ ಒಪ್ಪಿದ್ದ.

ಆಮೇಲೆ ಪ್ರಣವನಿಂದ ಬಂದದ್ದು ಒಂದು ಕೋಣೆ. ಕಲ್ಲಿನ ಪಡಸಾಲೆ, ಆಡುವವನು ಹೇಳಿದಂತೆ ನಡೆಯುವ ಒಬ್ಬ ಮನುಷ್ಯ, ಒಂದು ಕೊಡಲಿ, ಎಣ್ಣೆಯ ಬುಡ್ಡಿ, ಹಗ್ಗ, ಮುಚ್ಚಿದ ಬಾಗಿಲು. ಬಸವಪ್ರಭುವಿಗೆ ಈ ವಾಸನೆ ಗೊತ್ತಿತ್ತು. ಹಿಂದೆ ಎರಡು ಪರದೇಶಿ ಆಟಗಳ ಮರುಹುಟ್ಟಿಗೂ ಕೈಬಿಚ್ಚಿದ್ದ. ಅವರೂ ಮೊದಲು ನಮೂನೆಗೆಂದು ಒಂದು ಕೋಣೆ ಕಳಿಸಿದ್ದರು, ಆಮೇಲೆ ಕ್ಷಮಾಪಣೆ, ಆಮೇಲೆ ಚಿತ್ರ ಅಚ್ಚೊತ್ತಿದ ಒಂದು ಟೀ ಶರ್ಟು. ಬಾಗಿಲಿನಾಚೆ ಏನೂ ಕಟ್ಟಿಲ್ಲ ಎಂದು ಮುಂಗಡ ಕೊಟ್ಟವರ ಗುಂಪಿಗೆ ಬರೆದ. ಗುಂಪು ಹೌದೆಂದಿತು. ನಾಲ್ಕು ವರ್ಷ ಎಲ್ಲರೂ ಸೇರಿ ಬೈದರು. ಪ್ರಣವನ ಉತ್ತರ ಒಂದೇ: ಕಳಿಸಿದ್ದೇನೆ, ತಾಳ್ಮೆಯಿಂದ ನೋಡಿ. ಇಂಥ ಸೊಕ್ಕಿಗೆ ಏನನ್ನಬೇಕು?

ಈಗಲೂ ಅದೇ ಸೊಕ್ಕು. ಸಾವಂತ್ರವ್ವನಿಗೆ ಕುರ್ಚಿ ಎಳೆದು ಕೊಟ್ಟ, ನೀರು ತಂದಿಟ್ಟ, ಉಳಿದ ಬಾಳೆಹಣ್ಣನ್ನು ಸಾವಕಾಶ ತಿಂದು ಮುಗಿಸಿದ.

“ನಮ್ಮಪ್ಪನ್ನ ಎಲ್ಲೆ ಇಟ್ಟೀಯಪಾ ತಮ್ಮಾ?” ಎಂದ ಮಲಕಪ್ಪ.

“ನಾ ಇಟಗೊಂಡಿಲ್ರಿ. ಆವಾಗs ಕಳಿಸಿಬಿಟ್ಟೀನಿ.”

ಮಲಕಪ್ಪ ತಿರುಗಿ ಬಸವಪ್ರಭುವಿನ ಮುಖ ನೋಡಿದ. ಅಳಿಯನೇ ನಡುವೆ ಹಣ ನುಂಗಿದ್ದಾನೆ ಎಂಬ ಪಿಸುಮಾತು ಇಂದಾಪುರದಲ್ಲಿ ಎದ್ದು ವರ್ಷವಾಗಿತ್ತು. ಬಸವಪ್ರಭುವಿಗೆ ಮೈ ಉರಿಯಿತು. ಹೆಗಲ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲೆ ಕುಕ್ಕಿದ. ಪ್ರಣವ ಅಂದು ಕಳಿಸಿದ್ದು ಅದರಲ್ಲಿ ಹಾಗೇ ಇತ್ತು. ಕಂಡವರಿಗೆಲ್ಲ ತೋರಿಸಿ ಬೈಯಲೆಂದೇ ಉಳಿಸಿಕೊಂಡಿದ್ದ.

“ನೋಡ್ರಿ ಮಲಕಪ್ಪಣ್ಣಾ, ಇವ ಕಳಿಸಿದ್ದು ಇಷ್ಟs.”

ಬಾಗಿಲಿಗೆ ಕೊಡಲಿ ಹಚ್ಚಿದ. ತೆರೆಯ ಮೇಲಿನ ಮನುಷ್ಯ ತಲೆಯಾಡಿಸಿ ಛೆ ಅಂದ. ಎಣ್ಣೆ ಸುರಿದ. ಛೆ. ಹಗ್ಗ ಕಟ್ಟಿ ಎಳೆದ. ಛೆ. ಒಂದು ನೆಟ್ಟಗಿನ ಮಾತು ಬರೆಯುವುದಕ್ಕೂ ಬೇಸರ ಈ ಮೈಗಳ್ಳನಿಗೆ, ಎಂದು ಬಸವಪ್ರಭು ವಿವರಿಸಿದ.

ಪ್ರಣವ ಕೈ ಒರೆಸಿಕೊಂಡ. “ಷರತ್ತು ನಿಮ್ಮದರಿ. ನೀವs ಮುರೀತೀರೇನು?”

“ಷರತ್ತು ಒಲಿಗೆ ಹಾಕು. ಆ ಬಾಗಲದಾಚೆ ಏನದ ಅದನ್ನ ತೋರಸು. ಏನೂ ಇಲ್ಲಂದ್ರ ಇಲ್ಲಿಂದ ಸೀದಾ ಪೊಲೀಸ್ ಚೌಕಿಗೆ ನಡಿ.”

ಪ್ರಣವ ಬಗ್ಗಿ, ಬಾಣದ ಗುರುತನ್ನು ಕೊಡಲಿಯ ಮೇಲೂ ಇಡಲಿಲ್ಲ, ಎಣ್ಣೆಯ ಮೇಲೂ ಇಡಲಿಲ್ಲ. ತೆರೆಯ ಮೇಲಿನ ಮನುಷ್ಯನ ಕಾಲಿನ ಮೇಲಿಟ್ಟು ಒತ್ತಿದ. ಆ ಮನುಷ್ಯ ಚಪ್ಪಲಿ ಕಳಚಿ ಹೊಸ್ತಿಲ ಬದಿಗೆ ಜೋಡಿಸಿಟ್ಟ. ಬಾಗಿಲು ಒಳಗಿನಿಂದ ತಾನಾಗಿ ತೆರೆಯಿತು.

ಉದ್ದನೆಯ ನಡುಮನೆ. ಅದರ ಹಿಂದೆ ಇನ್ನೊಂದು ಅಂಕಣ, ಮಾಳಿಗೆಗೆ ಮೆಟ್ಟಿಲು, ಬೆಳಕು ಬಿದ್ದ ಅಂಗಳ, ಅದರಾಚೆಗೂ ಬಾಗಿಲುಗಳು. ನಡುಮನೆಯ ಚಾಪೆಯ ಮೇಲೆ ಒಂದು ಕಾಲು ಮಡಚಿ ಕುಳಿತ ಮುದುಕನೊಬ್ಬ ಧೋತರದ ಚುಂಗಿನಿಂದ ಕನ್ನಡಕ ಒರೆಸುತ್ತಿದ್ದ. ತಲೆಯೆತ್ತಿದ. “ಬರ್ರಿ, ಒಳಗ ಬರ್ರಿ,” ಎಂದ.

“ಅಪ್ಪಾ,” ಎಂದು ಮಲಕಪ್ಪ ತಾಯಿಯ ಕುರ್ಚಿಯನ್ನು ತೆರೆಯ ಹತ್ತಿರಕ್ಕೆ ಸರಿಸಿದ. ಸಾವಂತ್ರವ್ವ ಮೂಗು ತಾಗುವಷ್ಟು ಬಗ್ಗಿ, ಉಳಿದ ಒಂದು ಕಣ್ಣನ್ನು ತೆರೆಯಿಂದ ಕೀಳದೆಯೇ ಕೇಳಿದಳು:

“ನಾಲ್ಕು ವರ್ಷ ಇವ್ರನ್ನ ಈ ಚೀಲದಾಗ ಹಾಕ್ಕೊಂಡು ಅಡ್ಡ್ಯಾಡಿದ್ರೇನ್ರಿ, ಅಳಿಯಂದಿರs?”