ಟಲ್ಲಿ

"ಗೋರ್ಡಿ, ಇವತ್ತೂ ಸಪ್ಪೆ ಮಾತಾಡಿದ್ರೆ ಮುಂದಿನ ಶನಿವಾರದಿಂದ ಆ ಕುರ್ಚಿ ಬೇರೆಯವರಿಗೆ ಹೋಗುತ್ತೆ," ಎಂದಿತು ಹೆಡ್‌ಫೋನಿನೊಳಗಿನ ದನಿ. ರೇಡಿಯೋ ನಿಲಯದಲ್ಲಿ ಕೂತು ಕಾರ್ಯಕ್ರಮ ನಡೆಸುವ ರೋನಾಳ ದನಿ ಅದು. "ಹುಡುಗ್ರು ಪ್ರಯತ್ನಪಟ್ರು, ಗಾಳಿ ಜೋರಿತ್ತು ಅಂತ ಕೇಳೋಕೆ ಯಾರೂ ರೇಡಿಯೋ ಹಾಕಲ್ಲ. ಬ್ರೋಡಿ ಕಾಯ್ತಾ ಇದಾನೆ. ಅವನು ಬಾಯಿ ಬಿಟ್ರೆ ಸಾಕು, ಜನ ನಗ್ತಾರೆ."

ಗೋರ್ಡಿ ಟಲಕ್ ಹಲ್ಲು ಕಡಿದ. ಬ್ರೋಡಿಯಂತೆ ಬ್ರೋಡಿ! ಗೋಲ್‌ಕೀಪರ್ ಆಗಿದ್ದಾಗ ಚೆಂಡು ಬಂದರೆ ಕಂಬದ ಹಿಂದೆ ಅವಿತುಕೊಳ್ಳುತ್ತಿದ್ದ ಆಸಾಮಿ. ಆದರೆ ಹಾಗೆಂದು ಎದೆಯುಬ್ಬಿಸಿ ಹೇಳುವ ಮುಖ ಗೋರ್ಡಿಗೂ ಇರಲಿಲ್ಲ. ಆಟ ಬಿಟ್ಟ ಮೇಲೆ ಮ್ಯಾನೇಜರ್ ಆಗಲು ಹೋಗಿ ಮೂರು ಕ್ಲಬ್ಬುಗಳಿಂದ ಕತ್ತು ಹಿಡಿದು ದಬ್ಬಿಸಿಕೊಂಡವನು ಅವನು. ಮೂರನೆಯ ಕೆಲಸ ಹೋದ ಸುದ್ದಿ ಅವನಿಗೆ ಗೊತ್ತಾದದ್ದೇ ಇದೇ ರೇಡಿಯೋದಿಂದ. ಈಗ ಹೊಟ್ಟೆ ತುಂಬಿಸುವುದೂ ಅದೇ. ಈ ಕುರ್ಚಿಯೂ ಹೋದರೆ ಚೆಂಡಿಗೂ ಅವನಿಗೂ ಋಣ ಮುಗಿದಂತೆ.

ಕಿನ್‌ಡ್ರಮ್ಮಿ ಥಿಸಲ್ ತಂಡದ ಮೈದಾನದಲ್ಲಿ ರೇಡಿಯೋದವರಿಗೆ ಬೇರೆ ಕೋಣೆಯಿಲ್ಲ. ಮರದ ಗ್ಯಾಲರಿಯಲ್ಲಿ, ಜನರ ನಡುವೆಯೇ ಒಂದು ಹಲಗೆ, ಎರಡು ಮೈಕು. ಪಕ್ಕದಲ್ಲಿ ಪಂದ್ಯದ ವಿವರಣೆ ಕೊಡುವ ಐಲ್ಸಾ, ಇದೇ ಊರಿನ ಹುಡುಗಿ. ನಡುನಡುವೆ ಆಟದ ಬಗ್ಗೆ ಅಭಿಪ್ರಾಯ ಹೇಳುವುದು ಹಳೇ ಆಟಗಾರ ಗೋರ್ಡಿಯ ಕೆಲಸ. ಬೆನ್ನಹಿಂದೆ ಮಟನ್ ಪೈ ತಿನ್ನುತ್ತಾ, ಅದರ ಜಿಡ್ಡನ್ನು ಗೋರ್ಡಿಯ ಕೋಟಿನ ಮೇಲೆ ತೊಟ್ಟಿಕ್ಕಿಸುತ್ತಾ ಕೂತಿದ್ದ ಮುದುಕ ಎಕ್ಕಿ.

ಅಷ್ಟರಲ್ಲಿ ಥಿಸಲ್‌ನ ಫಿನ್ಲೇ ಒಬ್ಬನೇ ಚೆಂಡಿನೊಂದಿಗೆ ನುಗ್ಗಿದ. ಅಡ್ಡ ಬಂದ ಗೋಲ್‌ಕೀಪರನನ್ನು ದಾಟಿದ. ಎದುರಿಗೆ ಖಾಲಿ ಗೋಲು. ಒದ್ದ. ಚೆಂಡು ಮೇಲಿನ ಕಂಬವನ್ನೂ ದಾಟಿ, ಬೇಲಿಯನ್ನೂ ದಾಟಿ, ಕಾರುಗಳ ನಡುವೆಲ್ಲೋ ಬಿತ್ತು.

"ಅಯ್ಯೋ ಟಲ್ಲಿ!" ಐಲ್ಸಾ ಮೈಕಿನಲ್ಲಿ ಕೂಗಿದಳು. "ಅಪ್ಪಟ ಟಲ್ಲಿ!"

"ಫಿನ್ಲೇ, ಮನೆಗೆ ಹೋಗಿ ಕುರಿ ಕಾಯೋ!" ಎಂದು ಗ್ಯಾಲರಿ ಅರಚಿತು. ಫಿನ್ಲೇ ತಲೆ ಮೇಲೆ ಕೈ ಹೊತ್ತು ನಿಂತ.

ಚೆಂಡು ಹುಡುಕಲು ಹೊತ್ತು ಹಿಡಿಯಿತು. ಐಲ್ಸಾ ಫೋನು ನೋಡಿ, "ಟಲ್ಲಿ ಅಂದ್ರೇನು ಅಂತ ದೂರದೂರಿನ ಕೇಳುಗರೊಬ್ಬರು ಕೇಳಿದಾರೆ," ಎಂದಳು. "ನಮ್ಮೂರಲ್ಲಿ ಎಲ್ಲಾದಕ್ಕೂ ಅಂತೀವಿ. ಬಸ್ ತಪ್ಪಿದ್ರೆ ಟಲ್ಲಿ. ನಮ್ಮಜ್ಜಿ ಒಲೆಯಲ್ಲಿ ಸ್ಕೋನ್ ಬನ್ನು ಸೀಯಿಸಿದ್ರೂ ಟಲ್ಲಿ. ಹಳೇ ಗೇಲಿಕ್ ಭಾಷೆಯ ಪದ ಅಂತ ಶಾಲೆಯಲ್ಲಿ ನಮ್ಮ ಮೇಷ್ಟ್ರು ಹೇಳಿದ್ರು. ಅಲ್ವಾ ಗೋರ್ಡಿ? ನೀವು ಹಿರಿಯರು, ನಿಮಗೆ ಗೊತ್ತಿರುತ್ತೆ."

ಎಕ್ಕಿ ಪೈ ಅಗಿಯುವುದನ್ನು ನಿಲ್ಲಿಸಿದ. ಸುತ್ತಲಿನ ನರೆತ ತಲೆಗಳೆಲ್ಲ ಇತ್ತ ತಿರುಗಿದವು. ಹೌದಮ್ಮ, ಗೇಲಿಕ್ಕೇ ಎಂಬ ಮಾತು ಗೋರ್ಡಿಯ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಹೇಳಿಬಿಟ್ಟರೆ ಮಾನ ಉಳಿಯುತ್ತಿತ್ತು, ಕುರ್ಚಿ ಉಳಿಯುತ್ತಿರಲಿಲ್ಲ. ಅವನ ಕಿವಿ ಕೆಂಪಗಾಯಿತು.

"ಗೇಲಿಕ್ಕೂ ಇಲ್ಲ, ಮಣ್ಣೂ ಇಲ್ಲ," ಎಂದ. "ಟಲ್ಲಿ ಅಂದ್ರೆ ನಾನು."

ಐಲ್ಸಾ ಫೋನು ಕೆಳಗಿಟ್ಟು ಅವನತ್ತ ತಿರುಗಿದಳು.

"ನನ್ನ ಹೆಸರನ್ನ ಪೂರ್ತಿ ಟಲಕ್ ಅನ್ನೋಕೆ ಸೋಮಾರಿತನ, ಅದಕ್ಕೆ ಈ ಊರವರು ಟಲ್ಲಿ ಅಂತಿದ್ರು. ನೀನು ಹುಟ್ಟೋಕೆ ಮುಂಚೆ. ಕಪ್ ಫೈನಲ್, ಕೊನೇ ನಿಮಿಷ. ಅವರ ಗೋಲ್‌ಕೀಪರ್ ಕೆಸರಲ್ಲಿ ಜಾರಿ ಅಂಗಾತ ಬಿದ್ದಿದ್ದ. ಚೆಂಡು ನನ್ನ ಕಾಲ ಹತ್ರ. ನನ್ನ ಜಾಗದಲ್ಲಿ ಒಂದು ಹಸು ನಿಂತಿದ್ರೂ ಅದರ ಉಸಿರಿಗೇ ಚೆಂಡು ಒಳಗೆ ಹೋಗ್ತಿತ್ತು. ನಾನು ಏನ್ ಮಾಡ್ದೆ? ಮೊದಲು ಎರಡೂ ಕೈ ಮೇಲೆತ್ತಿ, ಗೆದ್ವಿ ಅಂತ ನಮ್ಮ ಜನರ ಕಡೆ ತಿರುಗಿದೆ. ಆಮೇಲೆ ಒದ್ದೆ."

"ಆಮೇಲೆ?"

"ನೆಲಕ್ಕೆ ಒದ್ದೆ. ಹುಲ್ಲಿನ ಹೆಂಟೆ ಹಾರಿ ಗೋಲಿನೊಳಗೆ ಹೋಯ್ತು. ಚೆಂಡು ಅಲ್ಲೇ ಇತ್ತು."

"ಕೈ ಮಾತ್ರ ಇನ್ನೂ ಮೇಲೇ ಇತ್ತು ಕಣೋ!" ಎಂದು ಹಿಂದಿನಿಂದ ಎಕ್ಕಿ ಕಿರುಚಿದ.

"ಇತ್ತು. ಯಾರೋ ಬಂದು ಇಳಿಸಿದ್ರು. ಮುಂದೆ ಮ್ಯಾನೇಜರ್ ಆದೆ. ಚೆಂಡಿನ ಮೇಲೆ ಕಣ್ಣಿಡ್ರೋ ಅಂತ ಆಟಗಾರರಿಗೆ ಬೈಯೋಕೆ ಬಾಯಿ ತೆಗೆದ್ರೆ, ಆ ಕತ್ತೆಗಳು ಎರಡೂ ಕೈ ಮೇಲೆತ್ತಿ ತೋರಿಸ್ತಿದ್ವು. ಈ ಮೈದಾನದಲ್ಲಿ ನಾನೆಷ್ಟು ಗೋಲು ಹೊಡೆದಿದೀನಿ! ಅದರಲ್ಲಿ ಒಂದಕ್ಕಾದ್ರೂ ಯಾರಾದ್ರೂ ಹೆಸರಿಟ್ರಾ? ಇಲ್ಲ. ನಿಮ್ಮಜ್ಜಿ ಸ್ಕೋನ್ ಸೀಯಿಸಿದಾಗ ಮಾತ್ರ ನಾನು ಬೇಕು!"

ಗ್ಯಾಲರಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಕ್ಕಿ ಪೈ ಕೆಳಗಿಟ್ಟು ಎರಡೂ ಕೈ ಮೇಲೆತ್ತಿದ. ಅವನನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಮೇಲಿನ ಸಾಲಿನವರು. "ಟಲ್ಲಿ! ಟಲ್ಲಿ!" ಎಂದು ಇಡೀ ಗ್ಯಾಲರಿ ಕೈಯೆತ್ತಿ ನಿಂತಿತು. ಕಿವಿಯೊಳಗೆ ರೋನಾ ನಗುವಿನ ನಡುವೆ ಉಸಿರು ಹುಡುಕುತ್ತಾ, "ಬ್ರೋಡಿಗೆ ಬರಬೇಡ ಅಂತ ಹೇಳ್ತೀನಿ," ಎಂದಳು.

ಕೆಳಗೆ ಮೈದಾನದಲ್ಲಿ ಫಿನ್ಲೇ ಸದ್ದು ಕೇಳಿ ತಲೆಯೆತ್ತಿದ. ಎತ್ತಿದ ಕೈಗಳೆಲ್ಲ ತನಗೆ ಧೈರ್ಯ ಹೇಳುತ್ತಿವೆ ಎಂದುಕೊಂಡನೋ ಏನೋ, ಪುಣ್ಯಾತ್ಮ ತಲೆ ಮೇಲಿನ ಕೈ ಇಳಿಸಿ, ಜನರತ್ತ ಚಪ್ಪಾಳೆ ತಟ್ಟಿ ಓಡಿದ.

"ಕ್ಷಮಿಸಿ ಗೋರ್ಡಿ, ನನಗೆ ನಿಜವಾಗಿಯೂ ಗೊತ್ತಿರ್ಲಿಲ್ಲ," ಎಂದಳು ಐಲ್ಸಾ, ಮುಖ ಕೆಂಪಗೆ ಮಾಡಿಕೊಂಡು. "ಹಾಗಾದ್ರೆ ನಿಮಗಿಂತ ಮುಂಚೆ ಇಂಥ ತಪ್ಪಿಗೆ ಏನಂತಿದ್ರು?"

ಗೋರ್ಡಿ ಓಡುತ್ತಿದ್ದ ಫಿನ್ಲೇಯನ್ನೇ ನೋಡುತ್ತಿದ್ದ.

"ಹೆಸರೇ ಇರ್ಲಿಲ್ಲ ಮಗಳೇ. ಆಗೆಲ್ಲ ಯಾರು ತಪ್ಪು ಮಾಡಿದ್ರೋ ಅದು ಅವರದೇ ತಪ್ಪಾಗಿತ್ತು."