ಆಯಿಲ್ ಹತ್ತಿದ ಕೈ

ಮಗ್ಗದ ಮೇಲಿದ್ದ ಬೆಳ್ಳನೆಯ ಧಾರೆ ಸೀರೆಗೆ ಇನ್ನೇನು ಬೆರಳು ತಾಗಬೇಕು, ಅಷ್ಟರಲ್ಲಿ ಓಬಳೇಶ ಕೈ ಹಿಂದಕ್ಕೆಳೆದುಕೊಂಡ. ಸೀಮೆಎಣ್ಣೆ, ಸೋಪಿನ ಪುಡಿ, ಬೂದಿ ಎಲ್ಲ ಹಾಕಿ ತಿಕ್ಕಿದ್ದರೂ ಬೆಳಿಗ್ಗೆ ತಾನೇ ಬದಲಿಸಿದ ಬೈಕಿನ ಕಪ್ಪು ಆಯಿಲ್ ಉಗುರಿನ ಸಂದಿಯಲ್ಲಿ ಹಾಗೇ ಉಳಿದಿತ್ತು.

“ಗ್ಯಾರೇಜಿಗೆ ಬಿಡ್ರಿ ಅಂತ ಬಡ್ಕೊಂಡೆ,” ಎಂದಳು ಹೆಂಡತಿ ಸಾಕಮ್ಮ, ರಾಟೆಯಲ್ಲಿ ನೂಲು ಸುತ್ತುತ್ತಲೇ. “ಒಂದು ಬೋಲ್ಟ್ ಬಿಚ್ಚಿ ಆಯಿಲ್ ಸುರಿಯೋಕೆ ಅವರಿಗ್ಯಾಕೆ ದುಡ್ಡು ಕೊಡ್ಬೇಕು ಅಂದ್ರಿ.”

ಸಂಜೆ ಚಳ್ಳಕೆರೆಯಿಂದ ಸಾಹುಕಾರರು ಸೀರೆ ಒಯ್ಯಲು ಬರುವವರಿದ್ದರು. ಇನ್ನೂ ಒಂದು ಗೇಣು ನೇಯುವುದಿತ್ತು. ಒಂದೇ ಒಂದು ಕಪ್ಪು ಚುಕ್ಕೆ ಬಿದ್ದರೂ ತಿಂಗಳ ದುಡಿಮೆ ಹೋದಂತೆ. ಓಬಳೇಶ ಮಗ್ಗದ ಗುಂಡಿಯಿಂದ ಮೇಲೆದ್ದ. ಸಾಕಮ್ಮ ರಾಟೆ ನಿಲ್ಲಿಸಿ, ಕೈ ತೊಳೆದು ಒರೆಸಿಕೊಂಡು ಬಂದು ಅವನ ಜಾಗದಲ್ಲಿ ಕೂತಳು.

“ಲೇ, ನೀನು ತವರಲ್ಲಿ ನೇಯ್ದಿದ್ದು. ಹದಿನೈದು ವರ್ಷ ಆತು, ಕೈ ತಪ್ಪಿರ್ತೈತೆ,” ಎಂದ ಓಬಳೇಶ.

ಅವಳು ಲಾಳಿ ಹೊಡೆದಳು. ನಾಲ್ಕು ಎಳೆ ಕೂಡುವಷ್ಟರಲ್ಲಿ ಅವನು ಬಾಗಿ ನೋಡುವುದನ್ನು ಬಿಟ್ಟು ಗೋಡೆಗೊರಗಿ ಕೂತ.

ಸಂಜೆ ಸಾಹುಕಾರರು ಸೀರೆಯನ್ನು ಬೆಳಕಿಗೆ ಹಿಡಿದು, ಉದ್ದಕ್ಕೂ ಬೆರಳಾಡಿಸಿ, ತಲೆಯಾಡಿಸಿ ಮಡಚಿಕೊಂಡರು. ಕೈ ಬದಲಾದ ಜಾಗ ಅವರಿಗೆ ಸಿಗಲಿಲ್ಲ.

“ಮುಂದಿನ ಸಲ ಗ್ಯಾರೇಜಿಗೇ ಬಿಡ್ತೀನಿ,” ಎಂದ ಓಬಳೇಶ, ಅವರು ಹೋದ ಮೇಲೆ.

ಸಾಕಮ್ಮ ಅಂಗಳದಲ್ಲಿ ಬಿದ್ದಿದ್ದ ಸ್ಪ್ಯಾನರನ್ನು ಎತ್ತಿಕೊಂಡು ಬಂದು, ಹಳೇ ಬಟ್ಟೆಯಲ್ಲಿ ಒರೆಸಿ, ಜೋಪಾನವಾಗಿ ಗೂಡಿನಲ್ಲಿಟ್ಟಳು.

“ಗ್ಯಾರೇಜಿನೋರಿಗ್ಯಾಕೆ ದುಡ್ಡು ಕೊಡ್ಬೇಕು? ಆಯಿಲ್ ಮನೇಲೇ ಬದಲಿಸ್ರಿ.”